ಮನೆಯ ವಿದ್ಯುತ್ ಉಪಕರಣಗಳೂ ಅವುಗಳ ವೆಚ್ಚವೂ

೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಈಗ ಅಂತಹ ಶಕ್ತಿಯು ಹಳ್ಳಿಯ ಮನೆಗಳಲ್ಲಿಯೂ ನೆಲೆಸಿರುವುದು. ಆದರೆ ತಿಂಗಳ ಬಿಲ್ಲು ಬಂದಾಗ ಯಾವ ಉಪಕರಣವು ಎಷ್ಟನ್ನು ಬಳಸಿತೆಂದು ಹೇಳಬಲ್ಲ ಗೃಹಸ್ಥರು ವಿರಳ.

ಈ ಲೆಕ್ಕವು ಕಠಿನವಾದುದಲ್ಲ. ಗದ್ದೆಗೆ ಹರಿಯುವ ನೀರಿನ ಮೊತ್ತವು ತೂಬಿನ ಗಾತ್ರವನ್ನೂ ಅದು ತೆರೆದಿದ್ದ ಕಾಲವನ್ನೂ ಅವಲಂಬಿಸಿರುವುದಷ್ಟೆ. ಉಪಕರಣದ ಮೇಲೆ ನಮೂದಿಸಿರುವ ವ್ಯಾಟ್ ತೂಬಿನ ಗಾತ್ರವಿದ್ದಂತೆ. ಅದು ನಡೆದ ಗಂಟೆಗಳು ತೂಬು ತೆರೆದಿದ್ದ ಕಾಲವಿದ್ದಂತೆ. ಇವೆರಡನ್ನೂ ಗುಣಿಸಿ ೧,೦೦೦ದಿಂದ ಭಾಗಿಸಿದರೆ ಯೂನಿಟ್ಟುಗಳು ದೊರೆಯುವುವು.

೩೦ ದಿನಗಳ ತಿಂಗಳಿಗೆ ಸಾಮಾನ್ಯ ಉಪಕರಣಗಳ ಅಂದಾಜು ಹೀಗಿದೆ:

ಹಳೆಯ ಬಲ್ಬು, ೬೦ ವ್ಯಾಟ್, ದಿನಕ್ಕೆ ೫ ಗಂಟೆ: ೯ ಯೂನಿಟ್ಟು
ಎಲ್.ಇ.ಡಿ. ದೀಪ, ೯ ವ್ಯಾಟ್, ೫ ಗಂಟೆ: ೧.೩೫ ಯೂನಿಟ್ಟು
ಸಾಧಾರಣ ಫ್ಯಾನು, ೭೫ ವ್ಯಾಟ್, ೧೦ ಗಂಟೆ: ೨೨.೫ ಯೂನಿಟ್ಟು
ಬಿ.ಎಲ್.ಡಿ.ಸಿ. ಫ್ಯಾನು, ೩೦ ವ್ಯಾಟ್, ೧೦ ಗಂಟೆ: ೯ ಯೂನಿಟ್ಟು
ಟೆಲಿವಿಷನ್, ೫೦ ವ್ಯಾಟ್, ೫ ಗಂಟೆ: ೭.೫ ಯೂನಿಟ್ಟು
ಸೆಟ್‌ಟಾಪ್ ಪೆಟ್ಟಿಗೆ, ೧೦ ವ್ಯಾಟ್, ೨೪ ಗಂಟೆ: ೭.೨ ಯೂನಿಟ್ಟು
ಮಿಕ್ಸಿ, ೭೫೦ ವ್ಯಾಟ್, ಕಾಲು ಗಂಟೆ: ೫.೬ ಯೂನಿಟ್ಟು
ಗೀಸರು, ೨,೦೦೦ ವ್ಯಾಟ್, ಅರ್ಧ ಗಂಟೆ: ೩೦ ಯೂನಿಟ್ಟು

ಇದರಿಂದ ಸದ್ದು ಮಾಡುವುದೇ ಹೆಚ್ಚು ಬಳಸುವುದೆಂಬ ಭಾವನೆಯು ತಪ್ಪೆಂದು ವಿದಿತವಾಗುವುದು. ಗರ್ಜಿಸುವ ಮಿಕ್ಸಿಗಿಂತಲೂ ಹಗಲಿರುಳು ಮೌನವಾಗಿ ನಿಂತಿರುವ ಸೆಟ್‌ಟಾಪ್ ಪೆಟ್ಟಿಗೆಯ ವೆಚ್ಚವು ಹೆಚ್ಚು. ದಿನಕ್ಕೊಮ್ಮೆ ಮೊಬೈಲು ತುಂಬಿಸುವುದಕ್ಕಾದರೋ ತಿಂಗಳಿಗೆ ಒಂದು ಯೂನಿಟ್ಟೂ ಬೇಕಾಗದು. ನೀರು ಕಾಯಿಸುವ ಉಪಕರಣಗಳು ಅಲ್ಪಕಾಲದಲ್ಲಿಯೇ ಬಹಳವಾಗಿ ಬಳಸುವುವು. ಬಿಸಿಲು ಯಥೇಚ್ಛವಾಗಿರುವ ಕಡೆ ಸೌರಶಾಖದ ಹಂಡೆಯನ್ನು ಅಳವಡಿಸುವುದು ಲಾಭಕರ. ಫ್ರಿಜ್ಜಿನ ಯಂತ್ರವು ನಿಂತು ನಿಂತು ನಡೆಯುವುದರಿಂದ ಅದಕ್ಕೆ ಮೇಲಿನ ಗುಣಾಕಾರವು ಸಲ್ಲದು. ಅದರ ನಕ್ಷತ್ರಚೀಟಿಯಲ್ಲಿ ಮುದ್ರಿತವಾಗಿರುವ ವಾರ್ಷಿಕ ಯೂನಿಟ್ಟುಗಳನ್ನು ೧೨ರಿಂದ ಭಾಗಿಸಿ ನೋಡತಕ್ಕದ್ದು.

ಈ ಲೆಕ್ಕಕ್ಕೆ ಈಗ ವಿಶೇಷ ಪ್ರಾಮುಖ್ಯವು ಬಂದಿದೆ. ೨೦೨೩ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯು ತಿಂಗಳಿಗೆ ೨೦೦ ಯೂನಿಟ್ಟುಗಳನ್ನು ಮಿತಿಯಾಗಿಟ್ಟು, ಅದನ್ನು ದಾಟಿದ ಮನೆಯು ಪೂರ್ಣ ಬಿಲ್ಲನ್ನೂ ತೆರಬೇಕೆಂದು ವಿಧಿಸಿತು. ಹಳೆಯ ಬಲ್ಬು ನಾಲ್ಕು, ಸಾಧಾರಣ ಫ್ಯಾನು ಎರಡು ಇರುವ ಮನೆಯಲ್ಲಿ ತಿಂಗಳಿಗೆ ೨೨೦ ಯೂನಿಟ್ಟು ಖರ್ಚಾಗುತ್ತಿದೆಯೆಂದು ಭಾವಿಸೋಣ. ಅವನ್ನು ಎಲ್.ಇ.ಡಿ. ದೀಪಗಳಿಗೂ ಬಿ.ಎಲ್.ಡಿ.ಸಿ. ಫ್ಯಾನುಗಳಿಗೂ ಬದಲಾಯಿಸಿದರೆ ಮೇಲಿನ ಲೆಕ್ಕದಂತೆ ೫೭ ಯೂನಿಟ್ಟಿಗೂ ಮೀರಿ ಉಳಿತಾಯವಾಗಿ, ಮನೆಯು ಮಿತಿಯೊಳಗೆ ಬರುವುದು. ಬೆಳಕಿಗಾಗಲಿ ಗಾಳಿಗಾಗಲಿ ಕೊರತೆಯುಂಟಾಗದು.

ಉಪಕರಣಗಳನ್ನು ಕೊಳ್ಳುವಾಗ ಬೆಲೆಯನ್ನು ಮಾತ್ರವಲ್ಲದೆ ವ್ಯಾಟನ್ನೂ ವಿಚಾರಿಸುವುದು ಯುಕ್ತ. ರಾತ್ರಿ ಮಲಗುವಾಗಲೂ ಬೆಳಗ್ಗೆ ಎದ್ದೊಡನೆಯೂ ಮೀಟರಿನ ಅಂಕಿಯನ್ನು ಬರೆದಿಟ್ಟುಕೊಂಡರೆ, ಎಲ್ಲರೂ ನಿದ್ರಿಸುವಾಗ ಸೋರಿಹೋದ ಯೂನಿಟ್ಟುಗಳು ಕಂಡುಬರುವುವು. ಗ್ರಾಮದ ಮುಖಂಡರೂ ಜಮೀನುದಾರರೂ ಮೊದಲು ಸ್ವಂತ ಮನೆಗಳಲ್ಲಿ ಹೀಗೆ ಪರೀಕ್ಷಿಸಿ, ತಮ್ಮ ಲೆಕ್ಕವನ್ನು ನೆರೆಹೊರೆಯವರಿಗೆ ತೋರಿಸಿದಲ್ಲಿ, ಇತರರೂ ಸುಲಭವಾಗಿ ಅನುಸರಿಸುವರು.