ಮೌಂಟೇನ್ ಬೈಕ್ ಚಕ್ರದ ಬಾಳಿಕೆ ಎಲ್ಲಿದೆ?

ಮೌಂಟೇನ್ ಬೈಕ್‌ನ ಚಕ್ರದಲ್ಲಿ ಸಾಮಾನ್ಯವಾಗಿ 28 ಅಥವಾ 32 ಸ್ಪೋಕ್‌ಗಳಿರುತ್ತವೆ. ಸವಾರನ ಭಾರಕ್ಕೆ ನೆಲದ ಕಡೆಯ ಸ್ಪೋಕ್‌ಗಳ ಬಿಗಿತ ತಗ್ಗುತ್ತದೆ. ಚಕ್ರ ಉರುಳಿ ಅವು ಮೇಲೆ ಬಂದಾಗ ಮತ್ತೆ ಬಿಗಿಯಾಗುತ್ತವೆ. ಪ್ರತಿ ಸುತ್ತಿಗೂ ಹೀಗೇ. ತಂತಿಯನ್ನು ಪದೇ ಪದೇ ಬಗ್ಗಿಸಿದರೆ ತುಂಡಾಗುವಂತೆ, ಲಕ್ಷಾಂತರ ಸುತ್ತುಗಳ ನಂತರ ಉಕ್ಕು ದಣಿದು ಸ್ಪೋಕ್ ಮುರಿಯುತ್ತದೆ. ಹೆಚ್ಚಾಗಿ ಮುರಿಯುವುದು ಹಬ್‌ಗೆ ಸಿಕ್ಕಿಸಿದ ಬಾಗಿದ ತುದಿಯಲ್ಲಿ.

ಸಡಿಲ ಸ್ಪೋಕ್‌ಗಳೇ ಬೇಗ ಮುರಿಯುತ್ತವೆ. ಒಂದು ಹೋದರೆ ಅದರ ಹೊರೆ ಪಕ್ಕದವುಗಳ ಮೇಲೆ ಬಿದ್ದು, ರಿಮ್ ಓಲಾಡತೊಡಗುತ್ತದೆ. ಇಳಿಜಾರಿನಲ್ಲಿ ಇದು ಅಪಾಯ.

ಆದ್ದರಿಂದ ತಿಂಗಳಿಗೊಮ್ಮೆ ಒಂದೇ ಬದಿಯ ಸ್ಪೋಕ್‌ಗಳನ್ನು ಎರಡೆರಡಾಗಿ ಹಿಚುಕಿ ನೋಡಿ. ಯಾವುದಾದರೂ ಸಡಿಲವೆನಿಸಿದರೆ ಸೈಕಲ್ ಅಂಗಡಿಯಲ್ಲಿ ಸಮನಾಗಿ ಬಿಗಿ ಮಾಡಿಸಿ. ದುಬಾರಿ ರಿಮ್‌ಗಿಂತ ಸಮನಾದ ಬಿಗಿತವೇ ಚಕ್ರವನ್ನು ಹೆಚ್ಚು ಕಾಲ ಕಾಯುತ್ತದೆ.