ಸೀಟು ಸರಿದರೆ ಐಗನ್‌ವ್ಯಾಲ್ಯೂ ಉಳಿಯುತ್ತಾ?

ಎ ಎಂಬ ಮ್ಯಾಟ್ರಿಕ್ಸ್ ಅನ್ನು ಎಡದಿಂದ ಪಿ, ಬಲದಿಂದ ಪಿ-ಇನ್ವರ್ಸ್ ಹಾಕಿ ಗುಣಿಸಿದರೆ ಐಗನ್‌ವ್ಯಾಲ್ಯೂಗಳು ಬದಲಾಗಲ್ಲ. ಟ್ರಾನ್ಸ್‌ಪೋಸ್ ಮಾಡಿದರೂ ಅಷ್ಟೇ. ಇದು ಪರೀಕ್ಷೆಗೆ ಎಲ್ಲರೂ ಓದಿದ್ದೇ. ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಸ್ಟೇಟ್ ವೇರಿಯೇಬಲ್ ಬದಲಿಸಿದರೂ ಸ್ಟೆಬಿಲಿಟಿ ಕೆಡುವುದಿಲ್ಲ ಅಂತ ಧೈರ್ಯವಾಗಿ ಹೇಳುವುದು ಇದರ ಬಲದಿಂದಲೇ.

ಪ್ರಶ್ನೆಯನ್ನು ತಿರುಗಿಸಿ ಕೇಳೋಣ. ಮ್ಯಾಟ್ರಿಕ್ಸ್ ಕೊಟ್ಟರೆ ಮ್ಯಾಟ್ರಿಕ್ಸನ್ನೇ ಕೊಡುವ, ಐಗನ್‌ವ್ಯಾಲ್ಯೂ ಕೆಡಿಸದ ಲೀನಿಯರ್ ಮ್ಯಾಪ್‌ಗಳು ಇನ್ನೂ ಎಷ್ಟಿವೆ? ಇಂಥದ್ದಕ್ಕೆ ಪ್ರಿಸರ್ವರ್ ಪ್ರಾಬ್ಲಮ್ ಅಂತಾರೆ. ಡಿಟರ್ಮಿನಂಟ್ ಬಗ್ಗೆ ಫ್ರೊಬೇನಿಯಸ್ 1897ರಲ್ಲೇ ಇದನ್ನು ಬಿಡಿಸಿದ್ದರು. ಐಗನ್‌ವ್ಯಾಲ್ಯೂಗೆ ಮಾರ್ಕಸ್ ಮತ್ತು ಮೊಯ್ಲ್ಸ್ 1959ರಲ್ಲಿ ಉತ್ತರ ಕೊಟ್ಟರು: ಮೇಲೆ ಹೇಳಿದ ಎರಡು, ಅವೆರಡರ ಜೋಡಣೆ, ಬೇರೇನೂ ಇಲ್ಲ. 3×3 ಮ್ಯಾಟ್ರಿಕ್ಸ್‌ಗಳ ಮೇಲಿನ ಒಂದು ಲೀನಿಯರ್ ಮ್ಯಾಪ್ ಬರೆಯಲು 81 ಸಂಖ್ಯೆ ಬೇಕು. ಅಷ್ಟು ಸ್ವಾತಂತ್ರ್ಯವೂ ಒಂದೇ ಷರತ್ತಿಗೆ ಮುಗಿದುಹೋಗುತ್ತದೆ!

ಮ್ಯಾಟ್ರಿಕ್ಸ್‌ಗೆ ಕೊನೆಯೇ ಇಲ್ಲದಿದ್ದರೆ?

ಬೆಳಗಾವಿಯಿಂದ ಖಾನಾಪುರಕ್ಕೆ ಹೊರಟ ರೈಲಿನಲ್ಲಿ ಕೊನೆಯಿಲ್ಲದ ಒಂದು ಸಾಲು ಸೀಟು, ಎಲ್ಲವೂ ಭರ್ತಿ ಅಂದುಕೊಳ್ಳಿ. ದೇಸೂರಿನಲ್ಲಿ ಒಬ್ಬ ಅಜ್ಜಿ ಹತ್ತಿ "ಸ್ವಲ್ಪ ಹಿಂದ ಸರೀರಿ" ಅಂದರು. ಎಲ್ಲರೂ ಒಂದೊಂದು ಸೀಟು ಹಿಂದಕ್ಕೆ ಸರಿದರೆ ಮೊದಲ ಸೀಟು ಖಾಲಿ. ಯಾರೂ ಎದ್ದು ನಿಲ್ಲಬೇಕಿಲ್ಲ. ಅಜ್ಜಿ ಇಳಿದ ಮೇಲೆ ಎಲ್ಲರೂ ಮುಂದಕ್ಕೆ ಬಂದರೆ ಮೊದಲಿದ್ದಂತೆಯೇ. ಈಗ ಕ್ರಮ ಬದಲಿಸಿ. ಮೊದಲು ಮುಂದಕ್ಕೆ ಸರಿದರೆ ಮೊದಲ ಸೀಟಿನವರು ಬಾಗಿಲಾಚೆ! ಆಮೇಲೆ ಹಿಂದಕ್ಕೆ ಸರಿದರೂ ಅವರು ವಾಪಸ್ ಬರಲ್ಲ.

ಹಿಂದಕ್ಕೆ ಸರಿಯುವುದು ಡಿಎಸ್‌ಪಿ ಓದಿದವರಿಗೆ ಗೊತ್ತಿರುವ ಒಂದು ಸ್ಯಾಂಪಲ್‌ನ ಡಿಲೇ. ಗಣಿತದವರು ಶಿಫ್ಟ್ ಆಪರೇಟರ್ ಅನ್ನುತ್ತಾರೆ. ಸಿಗ್ನಲ್‌ನ ಎನರ್ಜಿಯನ್ನು ಅದು ಹೆಚ್ಚಿಸುವುದಿಲ್ಲ, ಹಾಗಾಗಿ ಬೌಂಡೆಡ್. ಮುಂದಕ್ಕೆ ಸರಿಯುವುದು ಅದರದೇ ಟ್ರಾನ್ಸ್‌ಪೋಸ್.

1, 1/2, 1/4, 1/8... ಎಂಬ ಸಿಗ್ನಲ್ ತೆಗೆದುಕೊಳ್ಳಿ. ಮುಂದಕ್ಕೆ ಸರಿಸಿದರೆ 1/2, 1/4, 1/8... ಅಂದರೆ ಸರಿಯಾಗಿ ಅರ್ಧ. ಅಲ್ಲಿಗೆ 1/2 ಒಂದು ಐಗನ್‌ವ್ಯಾಲ್ಯೂ. 1/2 ಬದಲು, ಗಾತ್ರದಲ್ಲಿ 1ಕ್ಕಿಂತ ಚಿಕ್ಕದಾದ ಯಾವ ಸಂಖ್ಯೆ ಹಾಕಿದರೂ ಇದೇ ಲೆಕ್ಕ ನಡೆಯುತ್ತದೆ. ಡಿಲೇಯಲ್ಲಿ? ಮೊದಲ ಜಾಗ ಸದಾ ಸೊನ್ನೆ. ಆದ್ದರಿಂದ ಐಗನ್‌ವೆಕ್ಟರ್‌ನ ಮೊದಲ ಅಂಕಿ ಸೊನ್ನೆಯಾಗಬೇಕು, ಆಗ ಎರಡನೆಯದೂ, ಮೂರನೆಯದೂ. ಹೀಗೆ ಎಲ್ಲವೂ ಸೊನ್ನೆ. ಡಿಲೇಗೆ ಒಂದೂ ಐಗನ್‌ವ್ಯಾಲ್ಯೂ ಇಲ್ಲ!

ಅಂದರೆ ಇಲ್ಲಿ ಟ್ರಾನ್ಸ್‌ಪೋಸ್ ಐಗನ್‌ವ್ಯಾಲ್ಯೂವನ್ನು ಕಾಪಾಡುವುದಿಲ್ಲ. ಉಳಿಯುವುದು ಸ್ಪೆಕ್ಟ್ರಮ್: ಯಾವ ಸಂಖ್ಯೆಯಷ್ಟು ಐಡೆಂಟಿಟಿಯನ್ನು ಆಪರೇಟರ್‌ನಿಂದ ಕಳೆದರೆ ಇನ್ವರ್ಸ್ ಸಿಗದೋ, ಅಂಥ ಸಂಖ್ಯೆಗಳ ಗುಂಪು. ಎರಡೂ ಶಿಫ್ಟ್‌ಗಳಿಗೆ ಅದು ಅಂಚೂ ಸೇರಿದ ಯೂನಿಟ್ ಡಿಸ್ಕ್. ಹಿಲ್ಬರ್ಟ್ ಸ್ಪೇಸ್‌ನ ಎಲ್ಲ ಬೌಂಡೆಡ್ ಆಪರೇಟರ್‌ಗಳ ಮೇಲೆ ಸ್ಪೆಕ್ಟ್ರಮ್ ಉಳಿಸುವ ಲೀನಿಯರ್ ಮ್ಯಾಪ್, ಯಾವ ಆಪರೇಟರನ್ನೂ ತಲುಪದೆ ಬಿಡದಿದ್ದರೆ, ಮತ್ತೆ ಅದೇ ಎರಡು ಬಗೆ ಎಂದು 1986ರಲ್ಲಿ ಜಫೇರಿಯನ್ ಮತ್ತು ಸೌರೂರ್ ತೋರಿಸಿದರು.

ನನಗೆ ಇದಕ್ಕಿಂತ ಹೆಚ್ಚು ಇಷ್ಟವಾಗಿದ್ದು ಪೀಟರ್ ಶೆಮ್ರಲ್ 1993ರಲ್ಲಿ ಸಾಧಿಸಿದ್ದು. ಬೇರೆ ಬೇರೆ ಇನ್‌ಪುಟ್‌ಗೆ ಬೇರೆ ಬೇರೆ ಔಟ್‌ಪುಟ್ ಕೊಡುವ ಗುಣವನ್ನು ಎರಡೂ ದಿಕ್ಕಿನಲ್ಲಿ ಕಾಪಾಡಿ, ಐಡೆಂಟಿಟಿಯನ್ನು ಹಾಗೇ ಬಿಡುವಂಥ ಮ್ಯಾಪ್ ಆದರೆ ಉಳಿಯುವುದು ಮೊದಲ ಬಗೆ ಮಾತ್ರ. ಟ್ರಾನ್ಸ್‌ಪೋಸ್ ಹೊರಗೆ. ಕಾರಣ ನಮ್ಮ ರೈಲಿನಲ್ಲೇ ಇದೆ: ಹಿಂದಕ್ಕೆ ಸರಿದಾಗ ಯಾರೂ ಕಳೆದುಹೋಗಲ್ಲ, ಮುಂದಕ್ಕೆ ಸರಿದಾಗ ಒಬ್ಬರು ಹೋಗುತ್ತಾರೆ. ಮೂರೇ ಸೀಟಿದ್ದಿದ್ದರೆ ಎರಡೂ ಕಡೆ ಒಬ್ಬೊಬ್ಬರು ಬೀಳುತ್ತಿದ್ದರು, ವ್ಯತ್ಯಾಸವೇ ಕಾಣುತ್ತಿರಲಿಲ್ಲ.