ಗುಂಡಿ ಒತ್ತಿದರೆ ಸರಾಸರಿ

ನೇಸರಗಿ ಸುತ್ತಿನ ರೈತರ ಬೆಳೆಗಳನ್ನು ಕುರಿತು ವಿದ್ಯಾರ್ಥಿಯೊಬ್ಬ ಸಮೀಕ್ಷೆ ನಡೆಸಿದನೆನ್ನಿ. ಹತ್ತಿಗೆ 1, ಕಬ್ಬಿಗೆ 2, ಜೋಳಕ್ಕೆ 3 ಎಂದು ಅಂಕಿ ಕೊಟ್ಟು ಕಂಪ್ಯೂಟರಿಗೆ ತುಂಬುತ್ತಾನೆ. 1968ರಲ್ಲಿ ಹುಟ್ಟಿದ ಎಸ್‌ಪಿಎಸ್‌ಎಸ್ ತಂತ್ರಾಂಶದಲ್ಲಿ ಈಗ ಪಟ್ಟಿಯಿಂದ ಆರಿಸಿ ಗುಂಡಿ ಒತ್ತಿದರೆ ಸಾಕು, 'ಸರಾಸರಿ 1.8' ಎಂಬ ಉತ್ತರ ಅಂದವಾದ ಕೋಷ್ಟಕದಲ್ಲಿ ಮೂಡುತ್ತದೆ. ಹತ್ತಿ, ಕಬ್ಬು, ಜೋಳಗಳ ಸರಾಸರಿ ಎಂದರೇನು? ಯಂತ್ರ ಕೇಳುವುದಿಲ್ಲ, ಪ್ರಬಂಧದಲ್ಲಿ ತಪ್ಪು ಅಚ್ಚಾಗುತ್ತದೆ.

ಆಜ್ಞೆಗಳನ್ನು ಬರೆದು ಕೆಲಸ ಮಾಡಿಸುವ 'ಆರ್' ಭಾಷೆಯ ಕಲಿಕೆ ಕಷ್ಟ. ಆದರೆ ಈ ಅಂಕಿಗಳು ಬೆಳೆಯ ಹೆಸರುಗಳಷ್ಟೇ ಎಂದು ಮೊದಲೇ ತಿಳಿಸಿದ್ದರೆ ಅದು ಸರಾಸರಿ ಕೊಡದೆ ಎಚ್ಚರಿಸುತ್ತದೆ. ಬರೆದಿಟ್ಟ ಆಜ್ಞೆಗಳನ್ನು ಓದಿ ಗುರುಗಳೂ ತಪ್ಪಿನ ಮೂಲ ಹಿಡಿಯಬಹುದು.

ಇಲ್ಲಿ ಬೇಕಿದ್ದುದು ಯಾವ ಬೆಳೆಗೆ ಎಷ್ಟು ರೈತರೆಂಬ ಎಣಿಕೆ ಮಾತ್ರ. ತೆರೆ ಎಷ್ಟೇ ಸುಲಭವಾಗಿರಲಿ, ಅದನ್ನು ನಿರ್ಧರಿಸಬೇಕಾದವನು ವಿದ್ಯಾರ್ಥಿಯೇ.